ಸರ್ವರಿನ ಫೈಲು ಫೋನಿಗೆ: ವಾಟ್ಸಾಪ್‌ಗಿಂತ ಸುಲಭವಾಗಿಸುವ ಸೂತ್ರಗಳು

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಸಾಧಾರಣ ವರ್ಕ್‌ಶಾಪ್ ನೆನೆಸಿಕೊಳ್ಳಿ. ಆಫೀಸಿನ ಮೂಲೆಯಲ್ಲಿ ಒಂದು ಸರ್ವರ್, ಅದರೊಳಗೆ ವರ್ಷಗಟ್ಟಲೆಯ ಡ್ರಾಯಿಂಗ್, ಕೊಟೇಶನ್, ತಪಾಸಣೆ ವರದಿ. ಎಂಜಿನಿಯರ್ ಹೊಸೂರಿನಲ್ಲಿ ಗ್ರಾಹಕರ ಎದುರು ಕೂತಿದ್ದಾರೆ. "ಆ ಡ್ರಾಯಿಂಗ್ ಸ್ವಲ್ಪ ವಾಟ್ಸಾಪ್ ಮಾಡ್ತೀರಾ?" ಎಂದು ಫೋನು ಬರುತ್ತದೆ. ಆಫೀಸಿನಲ್ಲಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹುಡುಕಿ ಕಳಿಸುತ್ತಾರೆ. ಆ ಹೊತ್ತಿಗೆ ಕೆಲಸ ಆಯಿತು. ತೊಂದರೆ ಶುರುವಾಗುವುದು ಆಮೇಲೆ. ಮೂರು ವಾರ ಬಿಟ್ಟು ಗ್ರಾಹಕರು ಒಂದು ತೂತಿನ ಅಳತೆಯನ್ನು 12.5 ಮಿಲಿಮೀಟರಿನಿಂದ 12ಕ್ಕೆ ಇಳಿಸುತ್ತಾರೆ. ಸರ್ವರಿನಲ್ಲಿ ಹೊಸ ಡ್ರಾಯಿಂಗ್ ಇದೆ, ಫೋನಿನಲ್ಲಿ ಹಳೆಯದೇ ಉಳಿದಿದೆ. ಹಳೆಯದನ್ನೇ ಯಾರೋ ಫಾರ್ವರ್ಡ್ ಮಾಡಿದರೆ ಇಡೀ ಲಾಟ್ ಸ್ಕ್ರ್ಯಾಪ್. ದೊಡ್ಡದಾಗಿ ಕೊರೆದ ತೂತನ್ನು ಚಿಕ್ಕದು ಮಾಡಲು ಬರುವುದಿಲ್ಲ.

ಕಂಪನಿಯ ಫೈಲುಗಳು ಹೊರಗಿದ್ದವರ ಮೊಬೈಲಿನಲ್ಲಿ ತೆರೆಯುವಂತೆ ಮಾಡಲು ಇವತ್ತು ದಾರಿಗಳಿಗೆ ಬರವಿಲ್ಲ. ಆದರೆ ವಾಟ್ಸಾಪ್‌ಗಿಂತ ಸುಲಭವಾಗದ ಯಾವ ವ್ಯವಸ್ಥೆಯೂ ನಿಲ್ಲುವುದಿಲ್ಲ. ಭದ್ರತೆಯ ಹೆಸರಿನಲ್ಲಿ ನೂರೆಂಟು ಪಾಸ್‌ವರ್ಡ್ ಕೇಳಿದರೆ ಜನ ಹಳೆಯ ದಾರಿಗೇ ಮರಳುತ್ತಾರೆ, ಆಗ ಸೌಕರ್ಯವೂ ಇಲ್ಲ, ಭದ್ರತೆಯೂ ಇಲ್ಲ. ಐದರಿಂದ ಐವತ್ತು ಮಂದಿ ಇರುವ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ.

1. ಮೊದಲು ಪಟ್ಟಿ, ಆಮೇಲೆ ಆ್ಯಪ್

ಒಂದು ವಾರ ಹೊರಗಿನಿಂದ ಯಾರು ಯಾವ ಫೈಲು ಕೇಳಿದರು ಎಂದು ಬರೆದಿಡಿ. ಬಹುತೇಕ ಕಚೇರಿಗಳಲ್ಲಿ ಆ ಪಟ್ಟಿ ಚಿಕ್ಕದು: ಇತ್ತೀಚಿನ ಡ್ರಾಯಿಂಗ್‌ನ ಪಿಡಿಎಫ್, ದರಪಟ್ಟಿ, ಕೊಟೇಶನ್, ಪರೀಕ್ಷಾ ಪ್ರಮಾಣಪತ್ರ. ಇನ್ನು ಹೊರಗಿನಿಂದ ಒಳಬರಬೇಕಾದದ್ದು ಸೈಟಿನ ಫೋಟೊ ಮತ್ತು ಸಹಿಯಾದ ಡೆಲಿವರಿ ಚಲನ್. ಇಷ್ಟಕ್ಕಾಗಿ ಇಡೀ ಸರ್ವರ್ ತೆರೆದಿಡುವ ಅಗತ್ಯವಿಲ್ಲ. ಮೊಬೈಲಿಗೆಂದೇ ಒಂದು ಶೇರ್ಡ್ ಫೋಲ್ಡರ್ ಮಾಡಿ, ಬೇಕಾದದ್ದು ಅಲ್ಲಿ ತಾನಾಗಿ ಬಂದು ಬೀಳುವಂತೆ ಏರ್ಪಾಡು ಮಾಡಿ. ಸಂಬಳದ ಪಟ್ಟಿ, ಡಿಸೈನಿನ ಮೂಲ ಫೈಲು, ಟ್ಯಾಲಿಯ ಡೇಟಾ ಫೋಲ್ಡರ್ ಇವು ಅಲ್ಲಿರಬಾರದು. ಟ್ಯಾಲಿ ಡೇಟಾವನ್ನು ಫೋನಿನಿಂದ ಫೈಲಾಗಿ ತೆರೆಯಲು ಹೋಗಲೇಬೇಡಿ. ವರದಿ ಬೇಕಿದ್ದರೆ ಟ್ಯಾಲಿಪ್ರೈಮ್‌ನಲ್ಲೇ ಬ್ರೌಸರಿನಲ್ಲಿ ನೋಡುವ ಸೌಲಭ್ಯವಿದೆ.

2. ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಿರಿ, ಮೂರನ್ನೂ ಕಲಸಬೇಡಿ

ಮೊದಲನೆಯದು, ಫೋನಿನಿಂದ ಆಫೀಸಿಗೆ ವಿಪಿಎನ್ ಹಾಕಿ ಸರ್ವರಿನ ಫೋಲ್ಡರನ್ನು ನೇರವಾಗಿ ತೆರೆಯುವುದು. ಈಗಾಗಲೇ ಸರ್ವರ್ ಇಟ್ಟುಕೊಂಡಿರುವ ಸಣ್ಣ ಕಚೇರಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಫೈಲು ಎಲ್ಲಿದೆಯೋ ಅಲ್ಲೇ ಇರುತ್ತದೆ, ತಿಂಗಳ ಬಾಡಿಗೆ ಇಲ್ಲ.

ಎರಡನೆಯದು, ನಿಮ್ಮ ಸರ್ವರಿನಲ್ಲೇ ನೆಕ್ಸ್ಟ್‌ಕ್ಲೌಡ್‌ನಂಥ ತಂತ್ರಾಂಶ ನಡೆಸುವುದು. 2016ರಲ್ಲಿ ಜರ್ಮನಿಯಲ್ಲಿ ಶುರುವಾದ ಈ ಮುಕ್ತ ತಂತ್ರಾಂಶಕ್ಕೆ ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪ್ ಎರಡೂ ಇವೆ. ಗ್ರಾಹಕರಿಗೆ ಅವಧಿ ಮುಗಿದೊಡನೆ ಕೆಲಸ ನಿಲ್ಲಿಸುವ ಲಿಂಕ್ ಕಳಿಸಬೇಕಿದ್ದರೆ ಇದು ಬಹಳ ಅನುಕೂಲ. ಆದರೆ ಇದನ್ನು ಅಂತರ್ಜಾಲಕ್ಕೆ ತೆರೆದಿಟ್ಟಮೇಲೆ ಅಪ್‌ಡೇಟ್ ತಪ್ಪಿಸುವಂತಿಲ್ಲ. ಆ ಕೆಲಸಕ್ಕೆ ಒಬ್ಬರನ್ನು ಹೆಸರು ಹೇಳಿ ನೇಮಿಸಲಾಗದಿದ್ದರೆ ಈ ದಾರಿ ಬೇಡ.

ಮೂರನೆಯದು, ಮೊಬೈಲಿಗೆ ಬೇಕಾದ ಫೋಲ್ಡರನ್ನು ಮೈಕ್ರೋಸಾಫ್ಟ್ ಅಥವಾ ಗೂಗಲ್‌ನ ಕ್ಲೌಡಿಗೆ ಸಿಂಕ್ ಮಾಡುವುದು. ಮೇಲ್‌ಗಾಗಿ ಮೈಕ್ರೋಸಾಫ್ಟ್ 365 ಬಿಸಿನೆಸ್ ಬೇಸಿಕ್ ಖರೀದಿಸಿರುವ ಎಷ್ಟೋ ಕಂಪನಿಗಳಿಗೆ ಅದರಲ್ಲೇ ಪ್ರತಿಯೊಬ್ಬರಿಗೂ 1 ಟಿಬಿ ಒನ್‌ಡ್ರೈವ್ ಜಾಗ ಇದೆ ಎಂಬುದೇ ಗೊತ್ತಿರುವುದಿಲ್ಲ. ಹೊಸದನ್ನು ಕೊಳ್ಳುವ ಮೊದಲು ಹಣ ಕೊಟ್ಟು ತಂದದ್ದನ್ನು ಬಿಚ್ಚಿ ನೋಡಿ.

ಮುಂದಿನ ಸೂತ್ರಗಳಲ್ಲಿ ಮೊದಲ ದಾರಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕೈಯಾರೆ ಮಾಡಬೇಕಾದ ಕೆಲಸ ಇರುವುದೂ, ಎಡವಟ್ಟಾಗುವುದೂ ಅಲ್ಲೇ.

3. ಪೋರ್ಟ್ 445, ಪೋರ್ಟ್ 3389: ಇವೆರಡನ್ನು ಹೊರಗೆ ತೆರೆಯಬೇಡಿ

"ರೂಟರಿನಲ್ಲಿ ಒಂದು ಪೋರ್ಟ್ ಫಾರ್ವರ್ಡ್ ಮಾಡಿದರೆ ಆಯ್ತು ಸಾರ್, ವಿಪಿಎನ್ ಎಲ್ಲ ಯಾಕೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಂಡೋಸ್ ಫೋಲ್ಡರ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ಕ್ರಮದಲ್ಲಿ, ಪೋರ್ಟ್ 445ರ ಮೂಲಕ; ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ನಡೆಯುವುದು 3389ರ ಮೂಲಕ. 2017ರ ಮೇ 12ರಂದು ಶುರುವಾಗಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ತನಕ ಹಬ್ಬಿದ ವಾನ್ನಾಕ್ರೈ ದಾಳಿ ಹರಡಿದ್ದು ಇದೇ ಎಸ್‌ಎಂಬಿಯ ಹಳೆಯ ಆವೃತ್ತಿಯ ಬಿರುಕಿನಿಂದ. ಅದನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಸರ್ವರಿನಲ್ಲಿ ಎಸ್‌ಎಂಬಿಯ ಮೊದಲ ಆವೃತ್ತಿ ಇನ್ನೂ ಚಾಲೂ ಇದ್ದರೆ ಇವತ್ತೇ ಆರಿಸಿ.

ವಿಂಡೋಸ್ ಸರ್ವರ್ ಇಲ್ಲ, ನೆಟ್‌ವರ್ಕಿಗೆ ಸಿಕ್ಕಿಸಿ ಫೈಲು ಇಡುವ ನ್ಯಾಸ್ ಪೆಟ್ಟಿಗೆ ಮಾತ್ರ ಇದೆ ಎಂದು ನಿರಾಳರಾಗುವಂತಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ, ಅಂತರ್ಜಾಲಕ್ಕೆ ನೇರ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಜಡಿದು ಒಂದೊಂದಕ್ಕೆ 0.03 ಬಿಟ್‌ಕಾಯಿನ್ ಕೇಳಿತು. ಪೋರ್ಟ್ ಫಾರ್ವರ್ಡಿಂಗ್ ತೆಗೆಯಿರಿ, ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಆರಿಸಿ ಎಂದು ತಯಾರಕರೇ ಸೂಚನೆ ಹೊರಡಿಸಬೇಕಾಯಿತು. ನಿಮ್ಮ ರೂಟರಿನಲ್ಲೂ ಯುಪಿಎನ್‌ಪಿ ಆರಿಸಿ.

4. ಹೊರಗಿನಿಂದ ನಿಮ್ಮ ಆಫೀಸು ಕಾಣುತ್ತದೆಯೇ ನೋಡಿಕೊಳ್ಳಿ

ನಮ್ಮಲ್ಲಿ ಅನೇಕ ಬ್ರಾಡ್‌ಬ್ಯಾಂಡ್ ಕಂಪನಿಗಳು ನೂರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ರೂಟರಿನ ಪುಟದಲ್ಲಿ ಹೊರಗಿನ ಐಪಿ ಎಂದು ತೋರಿಸುವ ಸಂಖ್ಯೆ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವೂ ಹಾಗೇ ಕೂತಿದ್ದೀರಿ ಎಂದರ್ಥ. ಆಗ ಎಷ್ಟು ತಿಣುಕಿದರೂ ಹೊರಗಿನಿಂದ ಬರುವ ವಿಪಿಎನ್ ಕರೆ ನಿಮ್ಮ ರೂಟರನ್ನು ಮುಟ್ಟುವುದಿಲ್ಲ. ಪರಿಹಾರ ಎರಡು. ಬ್ರಾಡ್‌ಬ್ಯಾಂಡಿನವರಿಂದ ಸ್ಟಾಟಿಕ್ ಐಪಿ ಕೇಳಿ ಪಡೆಯಿರಿ, ಅಥವಾ ಟೈಲ್‌ಸ್ಕೇಲ್‌ನಂಥ ಸೇವೆ ಬಳಸಿ. ಅದರಲ್ಲಿ ಫೋನೂ ಸರ್ವರೂ ಎರಡೂ ಒಳಗಿನಿಂದ ಹೊರಗೆ ಕರೆ ಹಚ್ಚಿ ನಡುವೆ ಸಂಧಿಸುವುದರಿಂದ ಐಪಿಯ ರಗಳೆ ಇರುವುದಿಲ್ಲ.

5. ಆಫೀಸಿನ ಐಪಿ ಸಾಲನ್ನು ಬದಲಿಸಿ

ಚಿಕ್ಕ ಸಂಗತಿ, ಆದರೆ "ವಿಪಿಎನ್ ಕನೆಕ್ಟ್ ಆಗಿದೆ, ಫೈಲು ಮಾತ್ರ ತೆರೀತಿಲ್ಲ" ಎಂಬ ದೂರಿಗೆ ಇದು ಬಹಳ ಸಲ ಕಾರಣ. ಆಫೀಸಿನ ರೂಟರಿನಲ್ಲಿ 192.168.1 ಎಂಬ ಸಾಲು, ಮನೆಯ ರೂಟರಿನಲ್ಲೂ ಅದೇ, ಗ್ರಾಹಕರ ಕಾರ್ಖಾನೆಯ ವೈ-ಫೈನಲ್ಲೂ ಅದೇ. ಫೋನು ಸರ್ವರನ್ನು ಪಕ್ಕದಲ್ಲೇ ಹುಡುಕಿ ಸೋತು ಕೂರುತ್ತದೆ. ಆಫೀಸಿಗೆ 10.47.12ರಂಥ, ಬೇರೆಲ್ಲೂ ಸುಲಭಕ್ಕೆ ಸಿಗದ ಸಾಲು ಕೊಡಿ. ಪ್ರಿಂಟರ್, ಹಾಜರಿ ಯಂತ್ರ, ಸಿಸಿಟಿವಿ ಎಲ್ಲದರ ವಿಳಾಸ ಬದಲಾಗಬೇಕಾದ್ದರಿಂದ ಭಾನುವಾರ ಮಾಡುವ ಕೆಲಸ ಇದು.

6. ವೈರ್‌ಗಾರ್ಡ್ ಬಳಸಿ, ಪ್ರತಿ ಫೋನಿಗೂ ಬೇರೆ ಕೀಲಿ ಕೊಡಿ

ಪಿಪಿಟಿಪಿ ಎಂಬ ಹಳೆಯ ವಿಪಿಎನ್ ಈಗ ನಂಬಲಿಕ್ಕೆ ಯೋಗ್ಯವಲ್ಲ; 2016ರ ಐಓಎಸ್ 10ರಲ್ಲೇ ಆಪಲ್ ಅದನ್ನು ಕಿತ್ತುಹಾಕಿತು. ಹೊಸದಾಗಿ ಹಾಕುವವರಿಗೆ ವೈರ್‌ಗಾರ್ಡ್ ಸಾಕು. 2020ರಲ್ಲಿ ಲಿನಕ್ಸ್ ಕರ್ನೆಲ್‌ನೊಳಗೇ ಸೇರಿದ ಇದು ಹಗುರ, ವೇಗದ್ದು, ಮೊಬೈಲ್ ಡೇಟಾದಿಂದ ವೈ-ಫೈಗೆ ಹಾರಿದಾಗಲೂ ಕಡಿದುಹೋಗುವುದಿಲ್ಲ. ಮೈಕ್ರೋಟಿಕ್‌ನ ರೂಟರ್‌ಓಎಸ್ 7ರಲ್ಲಿ ಇದು ಒಳಗೇ ಇದೆ.

ಫೋನಿಗೆ ಹಾಕುವುದಂತೂ ಯುಪಿಐ ಪಾವತಿಯಷ್ಟೇ ಸಲೀಸು. ಕಂಪ್ಯೂಟರ್ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸಿ, ಫೋನಿನ ವೈರ್‌ಗಾರ್ಡ್ ಆ್ಯಪ್‌ನಲ್ಲಿ ಪ್ಲಸ್ ಒತ್ತಿ ಸ್ಕ್ಯಾನ್ ಮಾಡಿ, ಹೆಸರು ಕೊಡಿ, ಮುಗಿಯಿತು. ಆ ಕ್ಯೂಆರ್‌ನೊಳಗೆ ಕೀಲಿಯೇ ಇರುವುದರಿಂದ ಅದರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಬಾರದು. ಸ್ಕ್ಯಾನ್ ಎದುರೆದುರೇ ಆಗಲಿ.

ಎಲ್ಲರಿಗೂ ಒಂದೇ ಕೀಲಿ ಕೊಟ್ಟರೆ ಒಬ್ಬರದು ಕಳೆದ ದಿನ ಇಡೀ ಮನೆಯ ಬೀಗ ಬದಲಿಸಿದಂತೆ ಎಲ್ಲರ ಫೋನನ್ನೂ ಮತ್ತೆ ಕೂರಿಸಿ ಹಾಕಬೇಕಾಗುತ್ತದೆ. ಕೀಲಿಗೆ ವ್ಯಕ್ತಿ ಮತ್ತು ಫೋನು ಎರಡೂ ತಿಳಿಯುವ ಹೆಸರಿಡಿ. ಇನ್ನು ಮೂರು ಸಂಖ್ಯೆಗಳನ್ನು ಸರಿಯಾಗಿ ಕೂರಿಸಿದರೆ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಅಲೌಡ್ ಐಪಿ ಜಾಗದಲ್ಲಿ ಆಫೀಸಿನ ಸಾಲನ್ನು ಮಾತ್ರ ಬರೆಯಿರಿ. ಫೋನಿನ ಉಳಿದ ಸಂಚಾರ, ಅಂದರೆ ಯೂಟ್ಯೂಬ್, ಫೋಟೊ ಬ್ಯಾಕಪ್ ಎಲ್ಲ ಆಫೀಸಿನ ಲೈನಿಗೆ ಬರುವುದಿಲ್ಲ. ಕೀಪ್‌ಅಲೈವ್ 25 ಸೆಕೆಂಡ್ ಇರಲಿ. ಸಣ್ಣ ಫೈಲು ತೆರೆದು ದೊಡ್ಡದು ಅರ್ಧಕ್ಕೆ ನಿಲ್ಲುತ್ತಿದ್ದರೆ ಎಂಟಿಯು 1280ಕ್ಕೆ ಇಳಿಸಿ ನೋಡಿ.

7. ಫೋನಿನ ಕಡೆಯ ಕೆಲಸವನ್ನು ನೀವೇ ಮುಗಿಸಿಕೊಡಿ

ಸೂಚನೆಗಳ ಪಿಡಿಎಫ್ ಕಳಿಸಿ ಕೈ ತೊಳೆದುಕೊಂಡರೆ ಹತ್ತರಲ್ಲಿ ಮೂವರೂ ಮಾಡುವುದಿಲ್ಲ. ಪ್ರತಿಯೊಬ್ಬರ ಪಕ್ಕ ಹತ್ತು ನಿಮಿಷ ಕುಳಿತು ಹಾಕಿಕೊಡಿ.

ಐಫೋನಿನಲ್ಲಿ ಬೇರೆ ಆ್ಯಪ್ ಬೇಡ. 2019ರ ಐಓಎಸ್ 13ರಿಂದೀಚೆಗೆ ಫೈಲ್ಸ್ ಆ್ಯಪ್‌ನಲ್ಲೇ ಮೂರು ಚುಕ್ಕಿ ಒತ್ತಿದರೆ ಸರ್ವರಿಗೆ ಸೇರಿಸುವ ಆಯ್ಕೆ ಇದೆ. ಸರ್ವರಿನ ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟರೆ ಫೋಲ್ಡರ್ ಪಟ್ಟಿಯಲ್ಲಿ ಬಂದು ಕೂರುತ್ತದೆ. ಸ್ಯಾಮ್‌ಸಂಗ್ ಫೋನುಗಳ ಮೈ ಫೈಲ್ಸ್‌ನಲ್ಲೂ ನೆಟ್‌ವರ್ಕ್ ಸ್ಟೋರೇಜ್ ಸೇರಿಸಬಹುದು. ಉಳಿದ ಆಂಡ್ರಾಯ್ಡ್‌ಗಳಿಗೆ ಸಿಎಕ್ಸ್ ಫೈಲ್ ಎಕ್ಸ್‌ಪ್ಲೋರರ್, ಸಾಲಿಡ್ ಎಕ್ಸ್‌ಪ್ಲೋರರ್ ತರಹದ ಆ್ಯಪ್‌ಗಳಿವೆ. ಒಂದನ್ನು ಆರಿಸಿ ಕಚೇರಿಯ ಎಲ್ಲ ಆಂಡ್ರಾಯ್ಡ್ ಫೋನುಗಳಿಗೂ ಅದನ್ನೇ ಹಾಕಿ. ಆಗ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ.

ಐಫೋನಿನ ವೈರ್‌ಗಾರ್ಡ್‌ನಲ್ಲಿ ಆನ್-ಡಿಮ್ಯಾಂಡ್ ಎಂಬುದನ್ನು ಚಾಲೂ ಮಾಡಿ, ಆಫೀಸಿನ ವೈ-ಫೈ ಹೆಸರನ್ನು ಅಪವಾದವಾಗಿ ಸೇರಿಸಿ. ಆಫೀಸಿನಿಂದ ಹೊರಗೆ ಕಾಲಿಟ್ಟೊಡನೆ ವಿಪಿಎನ್ ತಾನೇ ಎದ್ದುಕೊಳ್ಳುತ್ತದೆ, ಒಳಬಂದಾಗ ಮಲಗುತ್ತದೆ. ಇಂಥ ಒಂದು ಅನುಕೂಲವೇ ಜನರನ್ನು ಹಿಡಿದಿಡುತ್ತದೆ. ಆಂಡ್ರಾಯ್ಡ್‌ನಲ್ಲಿ, ಅದರಲ್ಲೂ ಶಓಮಿ, ವಿವೋ, ಒಪ್ಪೋ ಫೋನುಗಳಲ್ಲಿ, ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯ ಆ್ಯಪ್‌ಗಳನ್ನು ಕೊಂದುಹಾಕುತ್ತದೆ. ವೈರ್‌ಗಾರ್ಡ್‌ಗೆ ಬ್ಯಾಟರಿ ನಿರ್ಬಂಧ ತೆಗೆದು ಆಟೊಸ್ಟಾರ್ಟ್ ಕೊಡಿ. ವಿಪಿಎನ್ ಚಾಲೂ ಇದ್ದಾಗ ಕೆಲವು ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯುತ್ತವೆ. ಆಗ ಒಮ್ಮೆ ಆರಿಸಿಕೊಳ್ಳಬೇಕೆಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ಆ್ಯಪ್ಪನ್ನೇ ಅಳಿಸಿಬಿಡುತ್ತಾರೆ.

8. ನೋಡಲು ಎಲ್ಲ, ಬರೆಯಲು ಒಂದೇ ಫೋಲ್ಡರ್

ಬಸ್ಸಿನಲ್ಲಿ ನಿಂತುಕೊಂಡು ಹೆಬ್ಬೆರಳಿನಲ್ಲಿ ಫೋಲ್ಡರ್ ತೆರೆಯುವಾಗ ಒಂದು ಫೈಲು ಅಳಿಸಿಹೋಗುವುದಕ್ಕೆ ಕ್ಷಣ ಸಾಕು. ಮೊಬೈಲ್ ಫೋಲ್ಡರನ್ನು ಓದಲು ಮಾತ್ರ ಎಂದು ಕೂರಿಸಿ, 'ಸೈಟಿನಿಂದ ಬಂದದ್ದು' ಎಂಬ ಒಂದರಲ್ಲಿ ಮಾತ್ರ ಬರೆಯುವ ಹಕ್ಕು ಕೊಡಿ. ಅಲ್ಲಿಂದ ಸರಿಯಾದ ಜಾಗಕ್ಕೆ ಎತ್ತಿಡುವ ಕೆಲಸ ಆಫೀಸಿನಲ್ಲಿರುವ ಒಬ್ಬರದು. ಫೋನಿನಲ್ಲಿ ಎಕ್ಸೆಲ್ ತಿದ್ದುವ ಆಸೆಯನ್ನು ಪ್ರೋತ್ಸಾಹಿಸಬೇಡಿ. ಇಬ್ಬರು ಒಂದೇ ಫೈಲನ್ನು ಏಕಕಾಲಕ್ಕೆ ತಿದ್ದಬೇಕಾದ ಕೆಲಸವಿದ್ದರೆ ಅದು ಕ್ಲೌಡ್ ದಾರಿಗೆ ಸೇರಿದ್ದು.

9. ಪರಿಷ್ಕರಣೆ ಫೈಲಿನ ಹೆಸರಿನಲ್ಲೇ ಕಾಣಲಿ

ಮೊಬೈಲ್ ಫೋಲ್ಡರಿನಲ್ಲಿ ಒಂದು ಡ್ರಾಯಿಂಗ್‌ಗೆ ಒಂದೇ ಪಿಡಿಎಫ್, ಅದರ ಹೆಸರಿನಲ್ಲೇ ಪರಿಷ್ಕರಣೆ ಸಂಖ್ಯೆ. ಹೊಸದು ಬಂದೊಡನೆ ಹಳೆಯದು ಹಳೆಯ ಪ್ರತಿಗಳ ಫೋಲ್ಡರಿಗೆ, ಮೊಬೈಲಿಗೆ ಕಾಣದ ಕಡೆಗೆ. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಓಕೆ' ಎಂಬ ಹೆಸರುಗಳಿಗೆ ಅವಕಾಶವೇ ಇರಬಾರದು.

10. ಕನ್ನಡದ ಫೈಲುಗಳನ್ನು ಯುನಿಕೋಡಿಗೆ ತನ್ನಿ

ಸಹಕಾರ ಸಂಘ, ಶಾಲೆ, ವಕೀಲರ ಕಚೇರಿ, ಮುದ್ರಣಾಲಯ ಇಂಥ ಕಡೆ ಇದು ದೊಡ್ಡ ಸಮಸ್ಯೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ವರ್ಡ್ ಫೈಲನ್ನು ಫೋನಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂತೆ ಕಾಣುತ್ತದೆ, ಏಕೆಂದರೆ ಆ ಫಾಂಟು ಫೋನಿನಲ್ಲಿಲ್ಲ. ಸರ್ವರ್ ಕೆಟ್ಟಿದೆ ಎಂದು ಜನ ತಿಳಿಯುತ್ತಾರೆ. ಹೊಸದನ್ನೆಲ್ಲ ಯುನಿಕೋಡಿನಲ್ಲೇ ಟೈಪಿಸಿ. ಹಳೆಯದರಲ್ಲಿ ಆಗಾಗ ಬೇಕಾಗುವುದನ್ನು ಪರಿವರ್ತಿಸಿ. ಅಷ್ಟಕ್ಕೂ ಪುರುಸೊತ್ತಿಲ್ಲದಿದ್ದರೆ ಫಾಂಟು ಒಳಗೊಂಡ ಪಿಡಿಎಫ್ ಮಾಡಿ ಪಕ್ಕದಲ್ಲಿಡಿ. ಓದಲು ಬರುತ್ತದೆ, ಒಳಗಿನ ಪದ ಹುಡುಕಲು ಮಾತ್ರ ಬರುವುದಿಲ್ಲ.

11. ಸ್ವಂತ ಫೋನಿಗೆ ಮರ್ಯಾದೆ ಕೊಡಿ

ನೌಕರರು ತಮ್ಮ ದುಡ್ಡಿನಲ್ಲಿ ಕೊಂಡ ಫೋನಿನಲ್ಲಿ ಮಕ್ಕಳ ಫೋಟೊ, ಬ್ಯಾಂಕಿನ ಆ್ಯಪ್, ಮನೆಯವರ ಸಂದೇಶ ಎಲ್ಲ ಇರುತ್ತವೆ. ಕಂಪನಿಯ ಫೈಲು ಅಲ್ಲಿಗೆ ಹೋಗುವಾಗ ಇಬ್ಬರಿಗೂ ರಕ್ಷಣೆ ಬೇಕು. 2014ರ ಆಂಡ್ರಾಯ್ಡ್ 5ರೊಂದಿಗೆ ಬಂದ ವರ್ಕ್ ಪ್ರೊಫೈಲ್ ಈ ಕೆಲಸಕ್ಕೆಂದೇ ಇದೆ: ಚಿಕ್ಕ ಬ್ರೀಫ್‌ಕೇಸ್ ಗುರುತಿನ ಆ್ಯಪ್‌ಗಳು ಕಂಪನಿಯವು, ಉಳಿದದ್ದು ಅವರದು. ಕೆಲಸ ಬಿಟ್ಟ ದಿನ ಕಂಪನಿ ತನ್ನ ಭಾಗವನ್ನಷ್ಟೇ ಅಳಿಸಬಹುದು. ಇದನ್ನು ಇನ್‌ಟ್ಯೂನ್‌ನಂಥ ನಿರ್ವಹಣಾ ಸೇವೆಯಿಂದ ನಡೆಸಬೇಕಾಗುತ್ತದೆ, ಖರ್ಚಿದೆ. ಹತ್ತು ಮಂದಿಯ ಕಚೇರಿಗೆ ಅದು ಹೆಚ್ಚೆನಿಸಿದರೆ ಕನಿಷ್ಠ ಮೂರು ನಿಯಮ ಇರಲಿ: ಆರು ಅಂಕಿಯ ಸ್ಕ್ರೀನ್ ಲಾಕ್, ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿರುವ ಫೋನು, ರೂಟ್ ಮಾಡಿರಬಾರದು. ವೈರ್‌ಗಾರ್ಡ್ ತಾನಾಗಿ ಓಟಿಪಿ ಕೇಳುವುದಿಲ್ಲವಾದ್ದರಿಂದ ಸ್ಕ್ರೀನ್ ಲಾಕೇ ಅಲ್ಲಿ ಮೊದಲ ಕಾವಲು. ನೆಕ್ಸ್ಟ್‌ಕ್ಲೌಡ್ ಅಥವಾ ಮೈಕ್ರೋಸಾಫ್ಟ್ ದಾರಿಯಲ್ಲಿ ಹೋದವರು ಅಥೆಂಟಿಕೇಟರ್ ಆ್ಯಪ್‌ನ 30 ಸೆಕೆಂಡಿನ ಕೋಡನ್ನು ಕಡ್ಡಾಯ ಮಾಡಿ. ಎಸ್‌ಎಂಎಸ್ ಓಟಿಪಿಗಿಂತ ಅದು ಮೇಲು.

ಕಂಪನಿ ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಪುಟ ಬರೆದುಕೊಡಿ. ಅನುಮಾನವಿದ್ದಲ್ಲಿ ಆ್ಯಪ್ ನಿಲ್ಲುವುದಿಲ್ಲ.

12. ಫೋನು ಕಳೆದ ದಿನ ಏನು ಮಾಡಬೇಕೆಂದು ಇವತ್ತೇ ಬರೆದಿಡಿ

ಇದರಲ್ಲಿ ಕ್ರಮ ಮುಖ್ಯ. ಫೋನು ಕಳೆದವರು ಮೊದಲು ಕರೆ ಮಾಡಬೇಕಾದದ್ದು ಆಫೀಸಿಗೆ. ಬೈಸಿಕೊಳ್ಳುವ ಭಯವಿದ್ದರೆ ಮರುದಿನ ಹೇಳುತ್ತಾರೆ, ಹಾಗಾಗಿ ಬೈಯುವುದಿಲ್ಲವೆಂದು ಮಾಲೀಕರೇ ಮೊದಲು ಹೇಳಿರಬೇಕು. ಸರ್ವರಿನಲ್ಲಿ ಆ ಫೋನಿನ ಕೀಲಿ ತೆಗೆದರೆ ದಾರಿ ಆ ಕ್ಷಣವೇ ಮುಚ್ಚುತ್ತದೆ. ಬೆನ್ನಿಗೇ ಪಾಸ್‌ವರ್ಡ್ ಬದಲಿಸಿ. ಮುಂದೆ ಗೂಗಲ್ ಅಥವಾ ಆಪಲ್‌ನ ಹುಡುಕುವ ಸೇವೆಯಿಂದ ಫೋನನ್ನು ಅಳಿಸುವ ಆದೇಶ. ಸಿಮ್ ಬ್ಲಾಕ್ ಮಾಡಿಸುವುದು ಅದಾದ ಕೂಡಲೇ. ಮೊದಲೇ ಮಾಡಿಸಿದರೆ ಫೋನಿಗೆ ಡೇಟಾ ನಿಂತು ಅಳಿಸುವ ಆದೇಶ ತಲುಪದೇ ಹೋಗಬಹುದು. ಬಳಿಕ ಪೊಲೀಸ್ ದೂರು, ಅದರ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಐಎಂಇಐ ತಡೆ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು ಎಲ್ಲ ಫೋನುಗಳಿಂದಲೂ ಈಗಲೇ ಬರೆದಿಟ್ಟುಕೊಳ್ಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಸರ್ವರಿಗೇ ಯಾರಾದರೂ ನುಗ್ಗಿದ್ದು ಕಂಡರೆ ಕಾನೂನಿನ ಹೊಣೆಯೂ ಇದೆ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಗ್ರಾಹಕರ ವೈಯಕ್ತಿಕ ಮಾಹಿತಿ ಇಟ್ಟುಕೊಂಡವರಿಗೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ತಕ್ಕ ರಕ್ಷಣೆ ಮಾಡದವರಿಗೆ ಅದರಲ್ಲಿ 250 ಕೋಟಿ ರೂಪಾಯಿಯ ತನಕ ದಂಡವಿದೆ.

13. ಲೈನಿನ ಅಪ್‌ಲೋಡ್ ವೇಗ ಮತ್ತು ಕರೆಂಟು

ಫೋನಿಗೆ ಡೌನ್‌ಲೋಡ್ ಆಗುವುದು ಆಫೀಸಿನ ಪಾಲಿಗೆ ಅಪ್‌ಲೋಡ್. 100 ಎಂಬಿಯ ಫೈಲು 10 ಎಂಬಿಪಿಎಸ್ ಅಪ್‌ಲೋಡ್ ಲೈನಿನಲ್ಲಿ ಹೊರಡಲು 80 ಸೆಕೆಂಡ್ ಬೇಕು, ಅದೂ ಬೇರೆ ಯಾರೂ ಬಳಸದಿದ್ದರೆ. ಎರಡೂ ದಿಕ್ಕಿಗೆ ಸಮ ವೇಗವಿರುವ ಫೈಬರ್ ಯೋಜನೆ ಕೇಳಿ. ಸರ್ವರಿಗೆ ಯುಪಿಎಸ್ ಇದ್ದು ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಇಲ್ಲದಿದ್ದರೆ ಕರೆಂಟು ಹೋದಾಗ ಸರ್ವರ್ ಎಚ್ಚರವಿದ್ದೂ ಪ್ರಯೋಜನವಿಲ್ಲ. ಕರೆಂಟು ಬಂದಾಗ ಸರ್ವರ್ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಕೂರಿಸಿ. ಶಿರಾಡಿ, ಚಾರ್ಮಾಡಿಯಂಥ ಘಾಟಿ ದಾಟಿ ಹೋಗುವವರು ಹೊರಡುವ ಮುನ್ನವೇ ಆ ದಿನದ ಫೈಲುಗಳನ್ನು ಇಳಿಸಿಟ್ಟುಕೊಳ್ಳಲಿ, ಊರಿಗೆ ಬಂದಮೇಲೆ ಅಳಿಸಲಿ.

14. ಸಿಂಕ್ ಎಂದರೆ ಬ್ಯಾಕಪ್ ಅಲ್ಲ

ಅಳಿಸಿದ್ದೂ ಸಿಂಕ್ ಆಗುತ್ತದೆ. ಸರ್ವರಿನ ಹೊರಗೆ, ಸಾಧ್ಯವಾದರೆ ಕಟ್ಟಡದ ಹೊರಗೆ, ನೆಟ್‌ವರ್ಕಿಗೆ ಸಿಕ್ಕಿಸದ ಒಂದು ಪ್ರತಿ ಇರಲೇಬೇಕು. ಮೂರು ತಿಂಗಳಿಗೊಮ್ಮೆ ಅದರಿಂದ ಒಂದು ಫೈಲು ತೆಗೆದು ತೆರೆಯುತ್ತದೆಯೇ ನೋಡಿ.

15. ಮೂವರಿಂದ ಶುರುಮಾಡಿ, ನಂತರ ವಾಟ್ಸಾಪ್ ದಾರಿಯನ್ನು ಮೆಲ್ಲಗೆ ಮುಚ್ಚಿ

ಮೊದಲ ಎರಡು ವಾರ ಮೂವರು ಮಾತ್ರ: ಅತಿ ಹೆಚ್ಚು ಊರು ಸುತ್ತುವವರು ಒಬ್ಬರು, ಫೋನಿನ ವಿಷಯದಲ್ಲಿ ಚುರುಕಾದವರು ಒಬ್ಬರು, ಹೊಸ ಆ್ಯಪ್ ಎಂದರೆ ಮುಖ ಸಿಂಡರಿಸುವ ಹಿರಿಯರು ಒಬ್ಬರು. ಮೂರನೆಯವರು ಎಲ್ಲಿ ತಡವರಿಸುತ್ತಾರೋ ಅಲ್ಲೇ ನೀವು ತಿದ್ದಬೇಕಾದದ್ದು ಇರುತ್ತದೆ. ಆಮೇಲೆ ಎಲ್ಲರಿಗೂ ಕೊಡಿ. ಅಂದಿನಿಂದ ಯಾರಾದರೂ ಫೈಲು ಕೇಳಿದರೆ ಫೈಲು ಕಳಿಸಬೇಡಿ, ಅದು ಯಾವ ಫೋಲ್ಡರಿನಲ್ಲಿದೆ ಎಂಬ ದಾರಿಯನ್ನು ಕಳಿಸಿ. ಮೊದಲ ವಾರ ಅವರೊಂದಿಗೆ ಫೋನಿನಲ್ಲೇ ಇದ್ದು ತೆರೆಯಿಸಿ. ಈ ಶಿಸ್ತು ಮಾಲೀಕರಿಗೂ ಅನ್ವಯ. ಅವರೇ "ನನಗೊಂದು ವಾಟ್ಸಾಪ್ ಹಾಕಿಬಿಡಪ್ಪ" ಎಂದರೆ ಉಳಿದವರು ಯಾರೂ ಹೊಸ ದಾರಿಯಲ್ಲಿ ಉಳಿಯುವುದಿಲ್ಲ. ತಿಂಗಳು ಕಳೆದಮೇಲೆ ಮೊದಲ ಸೂತ್ರದಲ್ಲಿ ಹೇಳಿದ ಪಟ್ಟಿಯನ್ನು ಮತ್ತೊಂದು ವಾರ ಬರೆಯಿರಿ. ಇನ್ನೂ ವಾಟ್ಸಾಪ್‌ನಲ್ಲೇ ಕೇಳುತ್ತಿರುವ ಫೈಲುಗಳು ಯಾವುವು ಎಂದು ನೋಡಿ, ಅವನ್ನು ಮೊಬೈಲ್ ಫೋಲ್ಡರಿಗೆ ಸೇರಿಸಿ.